ಜೋಳದ ಹೊಲದ ಅತಿಥಿಗಳು

ಮಕ್ಕಳೇ, ಚಳಿಗಾಲದಲ್ಲಿ ನಮ್ಮ ಸೊಲ್ಲಾಪುರ, ಅಕ್ಕಲಕೋಟ ಕಡೆ ಹಿಂಗಾರಿ ಜೋಳ ತೆನೆ ಕಟ್ಟುತ್ತದೆ. ಆಗ ಹೊಲಕ್ಕೆ ಹಕ್ಕಿಗಳ ದೊಡ್ಡ ಹಿಂಡುಗಳು ಬರುತ್ತವೆ. ದೂರದಿಂದ ಎಲ್ಲ ಹಕ್ಕಿಗಳೂ ಒಂದೇ ತರಹ ಕಾಣುತ್ತವೆ. ಅವುಗಳನ್ನು ನಾನು ಗುರುತಿಸುವ ಬಗೆಯನ್ನು ನಿಮಗೂ ಹೇಳುತ್ತೇನೆ.

ಮೊದಲು ಗಾತ್ರ ನೋಡುತ್ತೇನೆ. ಗುಬ್ಬಿಯಷ್ಟಿದೆಯೋ, ಗೊರವಂಕದಷ್ಟಿದೆಯೋ? ಆಮೇಲೆ ರೆಕ್ಕೆ ನೋಡುತ್ತೇನೆ. ಗೊರವಂಕ ಹಾರಿದರೆ ರೆಕ್ಕೆಯಲ್ಲಿ ಬಿಳಿ ಮಚ್ಚೆ ಎದ್ದು ಕಾಣುತ್ತದೆ. ಅಷ್ಟೇ ಗಾತ್ರವಿದ್ದು, ಬಿಳಿ ಮಚ್ಚೆ ಇಲ್ಲದೆ, ಮೈ ಗುಲಾಬಿಯಾಗಿ, ತಲೆ, ರೆಕ್ಕೆ, ಬಾಲ ಕಪ್ಪಾಗಿದ್ದರೆ ಅದು ಗುಲಾಬಿ ಕಬ್ಬಕ್ಕಿ. ಮರಾಠಿಯಲ್ಲಿ ಅದಕ್ಕೆ ಭೋರಡಿ ಎನ್ನುತ್ತಾರೆ. ಹಿಂಡಿನಲ್ಲಿ ಮಾಸಲು ಕಂದು ಬಣ್ಣದವೂ ಇರುತ್ತವೆ. ಅವು ಬೇರೆ ಜಾತಿಯವಲ್ಲ, ಎಳೆಯ ಕಬ್ಬಕ್ಕಿಗಳು.

ಅವು ಮೇಯುವ ರೀತಿಯನ್ನೂ ಗಮನಿಸಿರಿ. ನೆಲದಲ್ಲಿ ಮೇಯುವಾಗ ಹಿಂದಿನ ಹಕ್ಕಿಗಳು ಮುಂದಿನವುಗಳ ಮೇಲಿಂದ ಹಾರಿ ಮುಂದೆ ಇಳಿಯುತ್ತವೆ. ಇಡೀ ಹಿಂಡು ಉರುಳುತ್ತ ಸಾಗಿದಂತೆ ಕಾಣುತ್ತದೆ.

ಈ ಹಕ್ಕಿಗಳು ಕಜಾಕಿಸ್ತಾನದಂತಹ ದೂರದ ದೇಶಗಳ ಬಯಲುಗಳಲ್ಲಿ ಮರಿ ಮಾಡುತ್ತವೆ. ಚಳಿಗಾಲವನ್ನು ನಮ್ಮಲ್ಲಿ ಕಳೆದು, ಏಪ್ರಿಲ್ ಹೊತ್ತಿಗೆ ಮರಳುತ್ತವೆ.

ಅವು ಹಾಲುತೆನೆಗೆ ಬಾಯಿ ಹಾಕಿದಾಗ ನನಗೂ ಸಿಟ್ಟು ಬರುತ್ತದೆ. ಅದು ರೈತನ ವರ್ಷದ ಅನ್ನವಲ್ಲವೇ? ಆದರೆ ಅದೇ ಹಕ್ಕಿಗಳು ಬೆಳೆ ತಿನ್ನುವ ಮಿಡತೆಗಳನ್ನೂ ಹಿಡಿದು ತಿನ್ನುತ್ತವೆ. ಆದ್ದರಿಂದ ತೆನೆ ಕಾಯಲು ಕೂಗು ಹಾಕಿರಿ, ಡಬ್ಬ ಬಾರಿಸಿರಿ. ಹಕ್ಕಿಗೆ ಕಲ್ಲು ಹೊಡೆಯಬೇಡಿರಿ.

ನಿಮ್ಮ ಹೊಲಕ್ಕೆ ಈ ಸಲ ಯಾವ ಹಿಂಡು ಬಂದಿದೆ? ಗಾತ್ರ, ಬಣ್ಣ, ಮೇಯುವ ರೀತಿ ನೋಡಿ ವಹಿಯಲ್ಲಿ ಬರೆದಿಡಿರಿ.