ಹಿಂದೆ ಬರುವ ಮನೆಯ ಬೆಂಕಿ

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಬಂಧುಗಳಲ್ಲಿ ಕೆಲವರು ಬೇಸಿಗೆಯ ರಜೆ ಬಂದೊಡನೆ ಕಾರಿನ ಹಿಂದೆ ಟ್ರೈಲರ್ ಎಂಬ ಗಾಲಿಯ ಮನೆಯನ್ನು ಕಟ್ಟಿಕೊಂಡು ಕಾಡು ಬೆಟ್ಟಗಳತ್ತ ಹೊರಡುತ್ತಾರೆ. ಹಾಸಿಗೆ, ಒಲೆ, ನೀರಿನ ತೊಟ್ಟಿ, ಫ್ರಿಜ್ ಎಲ್ಲವೂ ಅದರೊಳಗುಂಟು. ಹೊರಗಿನ ಊಟ ಒಗ್ಗದ ಸಸ್ಯಾಹಾರಿ ಕುಟುಂಬಗಳಿಗೆ ಇದು ದೊಡ್ಡ ಅನುಕೂಲವೇ ಸರಿ. 2024ರ ಜೂನ್ ತಿಂಗಳಲ್ಲಿ ತಮ್ಮನ ಮಗನ ಕುಟುಂಬದೊಡನೆ ನ್ಯೂಜೆರ್ಸಿಯಿಂದ ವರ್ಜೀನಿಯಾದ ಶೆನಾಂಡೋ ಕಣಿವೆಗೆ ಹೋಗುವ ಯೋಗ ನಮಗೂ ಒದಗಿತು. ಆ ಫ್ರಿಜ್ಜಿನ ವಿಷಯದಲ್ಲಿ ಅಲ್ಲಿ ನಡೆದ ವಿಚಾರವಿನಿಮಯ, ಮಕ್ಕಳು ಮೊಮ್ಮಕ್ಕಳು ಆ ದೇಶದಲ್ಲಿರುವ ಓದುಗರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇವೆ.

ನಮ್ಮ ಮನೆಗಳಲ್ಲಿ ವಿನೋದಕ್ಕೆ ‘ತಂಗಳು ಪೆಟ್ಟಿಗೆ’ ಎನ್ನಿಸಿಕೊಳ್ಳುವ ಫ್ರಿಜ್ ಕಾಂಪ್ರೆಸರಿನಿಂದ ನಡೆಯುತ್ತದೆ. ಟ್ರೈಲರುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಫ್ರಿಜ್ಜಾದರೋ ಬೆಂಕಿಯಿಂದ ತಂಪನ್ನು ಹುಟ್ಟಿಸುತ್ತದೆ. 1922ರಲ್ಲಿ ಸ್ಟಾಕ್‌ಹೋಮಿನ ಇಬ್ಬರು ವಿದ್ಯಾರ್ಥಿಗಳು, ಪ್ಲಾಟೆನ್ ಮತ್ತು ಮುಂಟರ್ಸ್, ಕಂಡುಹಿಡಿದ ಯುಕ್ತಿಯಿದು. ಪ್ರೊಪೇನ್ ಅನಿಲದ ಸಣ್ಣ ಜ್ವಾಲೆ ಅಮೋನಿಯಾ ಬೆರೆತ ನೀರನ್ನು ಕಾಯಿಸುತ್ತದೆ. ಬೇರ್ಪಟ್ಟ ಅಮೋನಿಯಾ ಹಿಂಬದಿಯ ಕೊಳವೆಗಳಲ್ಲಿ ದ್ರವವಾಗಿ, ಜಲಜನಕದ ಸಂಗಡ ಸೇರಿ ಪುನಃ ಆವಿಯಾಗುವಾಗ ಪೆಟ್ಟಿಗೆಯೊಳಗಿನ ಕಾವನ್ನು ಹೀರಿಕೊಳ್ಳುತ್ತದೆ. ನೀರು ಅದನ್ನು ಮತ್ತೆ ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಚಲಿಸುವ ಭಾಗವೊಂದೂ ಇಲ್ಲ, ಸದ್ದೂ ಇಲ್ಲ. ಬಲು ಸೊಗಸಾದ ಉಪಾಯವೆಂದೇ ನಮಗೆ ತೋರಿತು.

ನಾವು ಮಧುಮೇಹಿಗಳು. “ದೊಡ್ಡಪ್ಪ, ನಿಮ್ಮ ಇನ್ಸುಲಿನ್ ಕೆಡಬಾರದು. ದಾರಿಯುದ್ದಕ್ಕೂ ಫ್ರಿಜ್ಜನ್ನು ಗ್ಯಾಸಿನ ಮೇಲೆಯೇ ನಡೆಸುತ್ತೇನೆ” ಎಂದು ಹುಡುಗ ಹಟ ಹಿಡಿದನು. ಸಾವಿರಾರು ಜನ ಹಾಗೆಯೇ ಹೋಗುತ್ತಾರೆ, ಕೊಳವೆ ಕಡಿದರೆ ಅನಿಲವನ್ನು ತಾನಾಗಿ ತಡೆಯುವ ಕವಾಟವೂ ಇದೆ ಎಂಬುದು ಅವನ ವಾದ. ಅದು ಸುಳ್ಳಲ್ಲ. ಆದರೆ ಆ ಕವಾಟ ಮುಚ್ಚಿಕೊಳ್ಳುವುದು ಅನಿಲ ಒಮ್ಮೆಲೇ ರಭಸದಿಂದ ನುಗ್ಗಿದಾಗ. ಕೂದಲೆಳೆಯಂಥ ಬಿರುಕಿನಿಂದ ಮೆಲ್ಲನೆ ಸೋರಿದರೆ ಅದಕ್ಕೆ ತಿಳಿಯದು. ಟೈರು ಸಿಡಿದು ಅದರ ಚೂರು ಟ್ರೈಲರಿನ ಅಡಿಯ ಕೊಳವೆಗೆ ಬಡಿಯುವುದುಂಟು. ಪ್ರೊಪೇನ್ ಗಾಳಿಗಿಂತ ಭಾರವಾದುದರಿಂದ ತಗ್ಗಿನಲ್ಲೇ ಶೇಖರವಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಓಡುತ್ತಿರುವ ಟ್ರೈಲರಿನೊಳಗೆ ಯಾರೂ ಕುಳಿತಿರುವುದಿಲ್ಲ. ವಾಸನೆ ಹಿಡಿಯುವ ಮೂಗು, ಹೊಗೆ ಕಾಣುವ ಕಣ್ಣು ಎಲ್ಲವೂ ಮುಂದಿನ ಕಾರಿನಲ್ಲಿ! ಒಲೆ ಉರಿಯಹಚ್ಚಿ, ಬಾಗಿಲಿಗೆ ಬೀಗ ಹಾಕಿಕೊಂಡು ಸಂತೆಗೆ ಹೋಗುವ ಗೃಹಿಣಿಯನ್ನು ನಾವು ಕಂಡಿಲ್ಲ. ಈ ಮಾತಿಗೆ ಸೊಸೆ ನಕ್ಕಳು, ಹುಡುಗ ಸುಮ್ಮನಾದನು.

ಪೆಟ್ರೋಲ್ ಬಂಕಿನ ವಿಷಯದಲ್ಲಂತೂ ವಾದಕ್ಕೆಡೆಯಿಲ್ಲ. ಅಲ್ಲಿ ಪೆಟ್ರೋಲಿನ ಆವಿಯಿರುತ್ತದೆ, ಫ್ರಿಜ್ಜಿನ ಹಿಂದೆ ಬೆತ್ತಲೆ ಜ್ವಾಲೆ. ಎಷ್ಟೋ ಫ್ರಿಜ್ಜುಗಳು ಜ್ವಾಲೆ ಆರಿದೊಡನೆ ತಾವೇ ಕಿಡಿ ಹಾರಿಸಿ ಹೊತ್ತಿಸಿಕೊಳ್ಳುತ್ತವೆ. ಆದ್ದರಿಂದ ಸಿಲಿಂಡರಿನ ಕವಾಟ ಮುಚ್ಚಿದರಷ್ಟೇ ಸಾಲದು, ಫ್ರಿಜ್ಜಿನ ಗುಂಡಿಯನ್ನೂ ಆರಿಸಬೇಕು. ಬಾಲ್ಟಿಮೋರ್ ಬಂದರಿನ ಕೆಳಗಿನ ಎರಡು ಸುರಂಗಗಳಲ್ಲಿ ಟ್ರೈಲರಿನ ಸಾಮಾನ್ಯ 20 ಪೌಂಡಿನ ಸಿಲಿಂಡರಿಗೆ ಪ್ರವೇಶವೇ ಇಲ್ಲ, ಮುಚ್ಚಿದ್ದರೂ ಇಲ್ಲ. ಮೊದಲು ಇಂಥವರು ಕೀ ಸೇತುವೆಯ ಮೇಲೆ ಹೋಗುತ್ತಿದ್ದರು. 2024ರ ಮಾರ್ಚ್ 26ರಂದು ಹಡಗು ಬಡಿದು ಆ ಸೇತುವೆ ಕುಸಿಯಿತು, ಆರು ಮಂದಿ ಕಾರ್ಮಿಕರು ಅಸುನೀಗಿದರು. ನಾವು 695ನೆಯ ವರ್ತುಲ ರಸ್ತೆಯ ಪಶ್ಚಿಮದ ಮಗ್ಗುಲಾಗಿ ಸುತ್ತಿ ಹೋದೆವು.

ಬ್ಯಾಟರಿಯಿಂದ ನಡೆಸಬಾರದೇ ಎಂದು ಕೇಳಬಹುದು. ಜ್ವಾಲೆಯ ಬದಲು ಕಾಯುವ ತಂತಿ 12 ವೋಲ್ಟಿನಲ್ಲಿ ಹತ್ತು ಆಂಪಿಯರಿಗಿಂತ ಹೆಚ್ಚು ಎಳೆಯುತ್ತದೆ. ಕಾರಿನಿಂದ ಬರುವ ಸಪೂರ ತಂತಿ ಅಷ್ಟನ್ನು ಪೂರೈಸಲಾರದೆ ಟ್ರೈಲರಿನ ಬ್ಯಾಟರಿ ಬರಿದಾಗುತ್ತದೆ. ಕೊಂಡಿ ಕಳಚಿದಾಗ ಟ್ರೈಲರನ್ನು ತಡೆದು ನಿಲ್ಲಿಸುವ ಬ್ರೇಕಿಗೂ ಅದೇ ಬ್ಯಾಟರಿಯೇ ಆಧಾರ. ಈಗಿನ ಅನೇಕ ಟ್ರೈಲರುಗಳಲ್ಲಿರುವ 12 ವೋಲ್ಟಿನ ಕಾಂಪ್ರೆಸರ್ ಫ್ರಿಜ್ಜಿಗೆ ಇಷ್ಟು ಹಸಿವಿಲ್ಲ, ಜ್ವಾಲೆಯೂ ಇಲ್ಲ. ಹೊಸದಾಗಿ ಕೊಳ್ಳುವವರು ಅದನ್ನೇ ನೋಡುವುದು ಲೇಸು.

ನಾವು ಮಾಡಿದ್ದು ಇಷ್ಟೇ. ಹಿಂದಿನ ದಿನವೇ ಮನೆಯ ವಿದ್ಯುತ್ತಿಗೆ ಜೋಡಿಸಿ ಫ್ರಿಜ್ಜನ್ನು ತಂಪುಮಾಡಿದೆವು. ಮೊಸರು, ತರಕಾರಿ, ಚಟ್ನಿಗಳನ್ನು ಬೇರೆಡೆ ತಣಿಸಿಯೇ ಇಟ್ಟೆವು. ಆರಿಸಿದ ಫ್ರಿಜ್ ಬಾಗಿಲು ತೆರೆಯದಿದ್ದರೆ ಸುಮಾರು ನಾಲ್ಕು ಗಂಟೆ ಆಹಾರವನ್ನು ಕಾಯುತ್ತದೆ. ನಮ್ಮ ದಾರಿ ಆರು ಗಂಟೆಯದು, ಅದಕ್ಕಾಗಿ ಗಟ್ಟಿಯಾಗಿ ಹೆಪ್ಪುಗಟ್ಟಿದ ನೀರಿನ ಬಾಟಲಿಗಳನ್ನು ನಡುವೆ ಸೇರಿಸಿದೆವು. ಇಳಿದಾಗ ಒಳಗಿನ ಉಷ್ಣಮಾಪಕ 39 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು, 40 ದಾಟಬಾರದು. ಇನ್ಸುಲಿನ್ ಮಾತ್ರ ಸಣ್ಣ ಚೀಲದಲ್ಲಿ, ಹಿಮಕ್ಕೆ ತಾಗದಂತೆ, ಕಾರಿನಲ್ಲಿ ನಮ್ಮ ಬಳಿಯೇ ಇದ್ದಿತು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಪ್ರಯೋಜನಕ್ಕಿಲ್ಲವಾದುದರಿಂದ ಫ್ರಿಜ್ಜಿನ ತಂಪುರೆಕ್ಕೆಗಳ ಹತ್ತಿರ ಅದನ್ನು ಇಡಲೇಬಾರದು.

ತಲುಪಿದ ಮೇಲೆ ಟ್ರೈಲರನ್ನು ಸಮತಟ್ಟಾಗಿ ನಿಲ್ಲಿಸಿಯೇ ಜ್ವಾಲೆ ಹೊತ್ತಿಸಬೇಕು. ಓಡುವಾಗಿನ ಓಲಾಟದಿಂದ ದ್ರವ ಹರಿಯುತ್ತಲೇ ಇರುತ್ತದೆ; ಓರೆಯಾಗಿ ನಿಂತಾಗ ಒಂದೆಡೆ ತಂಗಿ, ಕುದಿಯುವ ಭಾಗ ಮಿತಿಮೀರಿ ಕಾದು ಕೊಳವೆ ಕೆಡುತ್ತದೆ. ಮೂಗಿಗೆ ಅಮೋನಿಯಾದ ಘಾಟು ಬಡಿದರೆ ಫ್ರಿಜ್ಜನ್ನು ಕೂಡಲೇ ಆರಿಸಿ, ಕಿಟಕಿ ಬಾಗಿಲು ತೆರೆದು ಎಲ್ಲರೂ ಹೊರಗೆ ಬರಬೇಕು. ಸೋರುವ ಜಲಜನಕವೂ ಉರಿಯುವಂಥದು. ಅಂಥ ಫ್ರಿಜ್ಜನ್ನು ಬಲ್ಲ ಕೆಲಸಗಾರ ಬಂದು ನೋಡುವವರೆಗೆ ಮತ್ತೆ ಹೊತ್ತಿಸತಕ್ಕದ್ದಲ್ಲ.