ಎಡಗೈ ಪಿಸ್ತೂಲು, ಮೆಣಸಿನಕಾಯಿ ಗೋದಾಮು

ಬರೆಯದೆ ಬಹಳ ದಿನಗಳಾದವು. ಕಾರಣ ಕೇಳಿ ಗಾಬರಿಯಾಗಬೇಡಿ, ಪಿಸ್ತೂಲು ಹುಡುಕುತ್ತಿದ್ದೆ!

ನನಗಲ್ಲ, ಮಗಳಿಗೆ. ರಾಣೇಬೆನ್ನೂರಿನಲ್ಲಿ ಪಿಯುಸಿ ಓದುತ್ತಿದ್ದಾಳೆ, ವಯಸ್ಸು ಹದಿನೇಳು. ಹೈಸ್ಕೂಲಿನಲ್ಲಿದ್ದಾಗ ಎನ್‌ಸಿಸಿ ಕ್ಯಾಂಪಿಗೆ ಹೋಗಿದ್ದಳು. ಅಲ್ಲಿ ಪಾಯಿಂಟ್ 22 ರೈಫಲ್ ಕೊಟ್ಟು ಐದು ಗುಂಡು ಹೊಡೆಸಿದರಂತೆ. ಐದೂ ಒಂದೇ ಕಡೆ ಗುಂಪಾಗಿ ಬಿದ್ದವಂತೆ. ಆ ಕಾಗದವನ್ನು ಮಡಚಿ ತಂದು ಇಂದಿಗೂ ಪುಸ್ತಕದಲ್ಲಿ ಇಟ್ಟುಕೊಂಡಿದ್ದಾಳೆ. ಆಮೇಲೆ 2024ರ ಪ್ಯಾರಿಸ್ ಒಲಿಂಪಿಕ್ಸ್ ಬಂತು, ಮನು ಭಾಕರ್ ಎರಡು ಕಂಚು ಗೆದ್ದರು. ನಮ್ಮ ಮನೆಯಲ್ಲಿ ರೈಫಲ್ ಹೋಗಿ ಪಿಸ್ತೂಲು ಶುರುವಾಯಿತು.

ತಿಂಗಳಿಗೆ ಎರಡು ಭಾನುವಾರ ಹುಬ್ಬಳ್ಳಿಗೆ ರೈಲಿನಲ್ಲಿ ಹೋಗಿ ಅಲ್ಲಿನ ರೇಂಜೊಂದರಲ್ಲಿ ಕಲಿಯತೊಡಗಿದಳು. ಒಂದು ವರ್ಷ ಕ್ಲಬ್ಬಿನ ಪಿಸ್ತೂಲಿನಲ್ಲೇ ಹೊಡೆದಳು. ಕೊನೆಗೆ ಅಲ್ಲಿಯ ಕೋಚ್ ನನ್ನನ್ನು ಪಕ್ಕಕ್ಕೆ ಕರೆದು, "ಸರ್, ಇನ್ನ ಮುಂದ ಹೋಗಬೇಕಂದ್ರ ಆಕಿಗೆ ಸ್ವಂತದ್ದು ಬೇಕು" ಅಂದರು. ಅಲ್ಲಿಂದ ನನ್ನ ನಿದ್ದೆ ಹೋಯಿತು.

ನಾವು ಗಂಡಸರು ಇಂಥ ವಿಷಯ ಸಿಕ್ಕರೆ ಸುಮ್ಮನಿರುವುದಿಲ್ಲವಲ್ಲ. ರಾತ್ರಿ ಊಟವಾದ ಮೇಲೆ ಅಂತರ್ಜಾಲದಲ್ಲಿ ಕುಳಿತೆ. ಹತ್ತು ಮೀಟರ್ ದೂರದಲ್ಲಿ ಬಿಳಿ ಕಾಗದ, ಅದರೆದುರು ಅಲ್ಲಾಡದೆ ನಿಂತ ಮನುಷ್ಯ... ಇದರಲ್ಲಿ ನೋಡುವುದೇನಿದೆ? ಹೀಗಂದುಕೊಂಡು ಮುಂದೆ ಹೋದವನಿಗೆ ಸಿಕ್ಕಿದ್ದು ಪ್ರಾಕ್ಟಿಕಲ್ ಶೂಟಿಂಗ್. ಅಬ್ಬಾ! ಸೊಂಟದ ಚೀಲದಿಂದ ಪಿಸ್ತೂಲು ಎಳೆದು, ಓಡುತ್ತಾ, ಗೋಡೆಯ ಮರೆಯಿಂದ ಬಗ್ಗಿ, ಕಬ್ಬಿಣದ ತಟ್ಟೆಗಳನ್ನು ಟಣ್ ಟಣ್ ಎಂದು ಉರುಳಿಸುವ ಆಟ. 1976ರಲ್ಲಿ ಅಮೆರಿಕದ ಮಿಸ್ಸೌರಿ ರಾಜ್ಯದ ಕೊಲಂಬಿಯಾದಲ್ಲಿ ಇದಕ್ಕೊಂದು ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿತು, ಜೆಫ್ ಕೂಪರ್ ಅದರ ಮೊದಲ ಅಧ್ಯಕ್ಷ. ಗಳಿಸಿದ ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸುತ್ತಾರೆ. ನಿಧಾನವಾಗಿ ಸರಿಯಾಗಿ ಹೊಡೆದರೂ ಸೋಲು, ಅವಸರ ಮಾಡಿ ತಪ್ಪಿದರೂ ಸೋಲು.

ಅದರಲ್ಲಿ ಪಿಸ್ತೂಲಿನ ಆಯ್ಕೆಯೇ ಒಂದು ಶಾಸ್ತ್ರ. ಗುಂಡಿನ ತೂಕವನ್ನು ಗ್ರೇನ್ ಲೆಕ್ಕದಲ್ಲಿ, ವೇಗವನ್ನು ಸೆಕೆಂಡಿಗೆ ಇಷ್ಟು ಅಡಿ ಎಂಬ ಲೆಕ್ಕದಲ್ಲಿ ತೆಗೆದುಕೊಂಡು, ಎರಡನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ ಬರುವುದು ಪವರ್ ಫ್ಯಾಕ್ಟರ್. 125 ದಾಟಿದರೆ ಮೈನರ್. ಸ್ಟ್ಯಾಂಡರ್ಡ್ ವಿಭಾಗದಲ್ಲಿ 170 ದಾಟಿದರೆ ಮೇಜರ್. 124 ಗ್ರೇನಿನ 9 ಎಂಎಂ ಗುಂಡು 1010 ಅಡಿ ವೇಗದಲ್ಲಿ ಹೋದರೆ ಮೈನರ್ ಗೆರೆ ದಾಟುತ್ತದೆ. 180 ಗ್ರೇನಿನ ಪಾಯಿಂಟ್ 40 ಗುಂಡು 950 ಅಡಿಯಲ್ಲಿ ಹೋದರೆ 171, ಅಂದರೆ ಮೇಜರ್. ಮಧ್ಯದ ವಲಯಕ್ಕೆ ಬಡಿದರೆ ಇಬ್ಬರಿಗೂ ಐದೇ ಅಂಕ. ವ್ಯತ್ಯಾಸ ಇರುವುದು ಪಕ್ಕಕ್ಕೆ ಸರಿದ ಹೊಡೆತಕ್ಕೆ: ಮೇಜರಿಗೆ ನಾಲ್ಕು, ಮೈನರಿಗೆ ಮೂರು. ಅಂದರೆ ದೊಡ್ಡ ಗುಂಡು ಕೊಳ್ಳುವುದು ತಪ್ಪಿಗೆ ವಿಮೆ ಕೊಂಡ ಹಾಗೆ, ಅದರ ಕಂತು ಕಟ್ಟುವುದು ಕೈಗೆ ಬೀಳುವ ಒದೆತದಲ್ಲಿ! ಪ್ರೊಡಕ್ಷನ್ ವಿಭಾಗದಲ್ಲಂತೂ ಎಲ್ಲರದ್ದೂ ಮೈನರ್ ಲೆಕ್ಕವೇ. ಹಾಗಾಗಿ ಅಲ್ಲಿ 9 ಎಂಎಂ ಬಿಟ್ಟು ದೊಡ್ಡದಕ್ಕೆ ಹೋದರೆ ಲಾಭವಿಲ್ಲ.

ಮೂರು ರಾತ್ರಿ ಇದನ್ನೆಲ್ಲ ಓದಿ, ಮಗಳನ್ನು ಕೂರಿಸಿಕೊಂಡು ದೊಡ್ಡ ಭಾಷಣ ಬಿಗಿದೆ. ಅವಳು ಕೊನೆತನಕ ಕೇಳಿ, "ಪಪ್ಪಾ, 9 ಎಂಎಂ ನಮ್ಮ ದೇಶದಾಗ ಯಾರೂ ಇಟ್ಕೊಳ್ಳೂ ಹಂಗಿಲ್ಲ" ಅಂದಳು. :-)

ಹೌದು. ನಮ್ಮಲ್ಲಿ ಸೇನೆ, ಪೊಲೀಸರು ಬಳಸುವ 9 ಎಂಎಂ ಗುಂಡು ಹಾರಿಸಬಲ್ಲ ಪಿಸ್ತೂಲು ನಿಷೇಧಿತ ಬೋರ್. ಪಾಯಿಂಟ್ 380, ಪಾಯಿಂಟ್ 455 ಕೂಡ ಅದೇ ಪಟ್ಟಿಯಲ್ಲಿವೆ. ಆ ಆಟಕ್ಕೋ ಕನಿಷ್ಠ ಅಳತೆಯೇ 9 ಎಂಎಂ. ಅಲ್ಲಿಗೆ ನನ್ನ ಮೂರು ರಾತ್ರಿಯ ಸಂಶೋಧನೆ ಮುಗಿಯಿತು. ಉಳಿದವು ಮೂರು: ಪಾಯಿಂಟ್ 32, ಪಾಯಿಂಟ್ 22, ಮತ್ತು ಗಾಳಿಯ ಪಾಯಿಂಟ್ 177.

ಮುಂದೆ ಹೋಗುವ ಮುಂಚೆ ನಮ್ಮ ಮನೆಯ ಬಂದೂಕಿನ ಕತೆ ಹೇಳಬೇಕು. ಅದಿಲ್ಲದೆ ಇದು ಅರ್ಥವಾಗುವುದಿಲ್ಲ.

ನಮ್ಮದು ಬ್ಯಾಡಗಿ ತಾಲೂಕಿನ ಹಳ್ಳಿ. ಅಪ್ಪನ ಹೆಸರಲ್ಲಿ ಬೆಳೆ ರಕ್ಷಣೆಯ ಲೈಸೆನ್ಸಿನ ಒಂಟಿ ನಳಿಗೆಯ 12 ಬೋರ್ ಬಂದೂಕಿತ್ತು. ನಾನು ಆರನೇ ಇಯತ್ತೆಯಲ್ಲಿದ್ದಾಗ ಗೋವಿನಜೋಳಕ್ಕೆ ಹಂದಿ ಕಾಟ ವಿಪರೀತ. ಒಂದು ರಾತ್ರಿ ಅಪ್ಪ ಅಟ್ಟಣಿಗೆಯ ಮೇಲಿಂದ ಸಪ್ಪಳ ಬಂದ ಕಡೆ ಗುಂಡು ಹಾರಿಸಿದರು. ಹಂದಿ ಓಡಿಹೋಗುವ ಸದ್ದು ಬರಲಿಲ್ಲ. ಬ್ಯಾಟರಿ ಹಾಕಿ ನೋಡಿದರೆ ಪಕ್ಕದ ಹೊಲದವರ ಹೋರಿಗರು. ಹಗ್ಗ ಹರಿದುಕೊಂಡು ಬಂದಿತ್ತು. ದೀಪಾವಳಿ ಆದ ಮೇಲೆ ನಮ್ಮ ಕಡೆ ಹೋರಿ ಹಬ್ಬ ಆಗುತ್ತದೆ, ಕೊರಳಿಗೆ ಕೊಬ್ಬರಿ ಸರ ಕಟ್ಟಿ ಓಡಿಸುತ್ತಾರೆ. ಅದಕ್ಕೆಂದೇ ಆ ಮನೆಯವರು ಮಗನಂತೆ ಸಾಕಿದ್ದ ಕರು. ಅಪ್ಪ ದುಡ್ಡು ಕೊಟ್ಟರು, ಅವರು ತೆಗೆದುಕೊಂಡರು, ಆದರೆ ಎರಡೂ ಮನೆಯ ಮಾತು ನಿಂತು ವರ್ಷಗಳೇ ಆದವು. ಅವತ್ತಿನಿಂದ ಅಪ್ಪ ಆ ಬಂದೂಕು ಎತ್ತಿಲ್ಲ. ಲೈಸೆನ್ಸ್ ಮಾತ್ರ ನವೀಕರಿಸುತ್ತಾ ಬಂದರು. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಯ್ದು ಕೊಡುವುದು, ಮುಗಿದ ಮೇಲೆ ತರುವುದು. 2023ರಲ್ಲಿ ವಿಧಾನಸಭೆಗೆ, 2024ರಲ್ಲಿ ಲೋಕಸಭೆಗೆ. ಆ ಬಂದೂಕು ಕಂಡ ಪ್ರಪಂಚ ಅಂದರೆ ನಮ್ಮ ಗೋಡೆ ಮತ್ತು ಪೊಲೀಸ್ ಠಾಣೆ, ಅಷ್ಟೇ.

ಅವ್ವನದು ಇನ್ನೊಂದು ಕತೆ. ಆಕೆಯ ತವರು ಹೊಸರಿತ್ತಿ. 1943ರ ಏಪ್ರಿಲ್ 1ರಂದು ಮೈಲಾರ ಮಹಾದೇವಪ್ಪನವರು ಗುಂಡಿಗೆ ಬಿದ್ದ ಊರು. ಮೋಟೆಬೆನ್ನೂರಿನಲ್ಲಿ ಹುಟ್ಟಿ ಗಾಂಧೀಜಿಯ ಜೊತೆ ದಂಡಿಗೆ ನಡೆದು ಹೋಗಿದ್ದ ಮನುಷ್ಯ. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠರೂ ಅಂದೇ ಸತ್ತರು. ಅವ್ವ ಹುಟ್ಟುವ ಮೊದಲೇ ನಡೆದದ್ದು, ಆದರೆ ಅವಳು ಹೇಳುವುದನ್ನು ಕೇಳಿದರೆ ಸ್ವತಃ ನೋಡಿದವಳ ಹಾಗೆ ಇರುತ್ತದೆ. ಮೊಮ್ಮಗಳು ಹುಬ್ಬಳ್ಳಿಗೆ ಹೋಗುವಾಗ ದಾರಿಯಲ್ಲಿ ಸಿಗುವ ಹಾವೇರಿ ನಿಲ್ದಾಣಕ್ಕೆ ಅವರದೇ ಹೆಸರು. "ಅವರ ಹೆಸರಿನ ಸ್ಟೇಷನ್ ದಾಟಿ ಪಿಸ್ತೂಲ್ ಕಲಿಯಾಕ ಹೊಕ್ಕಾಳ ನೋಡು" ಎಂದು ಅವ್ವ ನನ್ನ ಮುಂದೆ ಗೊಣಗುತ್ತಿದ್ದಳು. ಅಪ್ಪನದು ಒಂದೇ ಮಾತು. "ತಮ್ಮಾ, ಮನಿಯೊಳಗ ಇನ್ನೊಂದು ಬ್ಯಾಡ."

ಇರಲಿ, ಮತ್ತೆ ಆಯ್ಕೆಗೆ ಬರುತ್ತೇನೆ.

ಪಾಯಿಂಟ್ 32 ಬೇಗ ಕಳಚಿತು. ಅದು 25 ಮೀಟರ್ ಸೆಂಟರ್ ಫೈರ್ ಸ್ಪರ್ಧೆಯದು, ಗಂಡಸರದು. 2006ರ ದೋಹಾ ಏಷ್ಯನ್ ಗೇಮ್ಸಿನಲ್ಲಿ ಜಸ್ಪಾಲ್ ರಾಣಾ ಆ ಸ್ಪರ್ಧೆಯಲ್ಲಿ 590 ಹೊಡೆದು ಚಿನ್ನ ಗೆದ್ದಿದ್ದರು. ಹೆಣ್ಣುಮಕ್ಕಳ 25 ಮೀಟರಿಗೆ ಬೇಕಾದದ್ದು ಪಾಯಿಂಟ್ 22. ಅದನ್ನು ಸ್ವಂತ ಇಟ್ಟುಕೊಳ್ಳಲು ಲೈಸೆನ್ಸ್ ಬೇಕು, ಲೈಸೆನ್ಸಿಗೆ ಇಪ್ಪತ್ತೊಂದು ತುಂಬಬೇಕು. ಅಲ್ಲಿಯವರೆಗೆ ಕ್ಲಬ್ಬಿನದೇ ಗತಿ. ಸಿಕ್ಕರೂ ಅದನ್ನು ಹೊಡೆಯುವುದೆಲ್ಲಿ? ಗುಂಡು ನಿಲ್ಲಿಸುವ ದಿಬ್ಬವಿರುವ ರೇಂಜಿಗೇ ಹೋಗಬೇಕು, ಅಂದರೆ ಮತ್ತೆ ನೂರು ಕಿಲೋಮೀಟರ್ ಹುಬ್ಬಳ್ಳಿ.

ಗಾಳಿ ಪಿಸ್ತೂಲಿನ ಲೆಕ್ಕವೇ ಬೇರೆ. 4.5 ಮಿಲಿಮೀಟರಿನ ಸೀಸದ ಚರೆ, ಅರ್ಧ ಗ್ರಾಂ ತೂಕ. ಶಕ್ತಿ ಆರು ಜೂಲ್ ಆಸುಪಾಸು. 9 ಎಂಎಂ ಗುಂಡಿನದು ಐನೂರಕ್ಕೆ ಹತ್ತಿರ ಎಂದರೆ ಅಂತರ ತಿಳಿಯಿರಿ. 2016ರ ಆಯುಧ ನಿಯಮಗಳಲ್ಲಿ ಪಾಯಿಂಟ್ 177 ಬೋರ್ ಮತ್ತು 20 ಜೂಲ್ ಮೀರದ ಗಾಳಿ ಆಯುಧಕ್ಕೆ ಲೈಸೆನ್ಸಿನ ಕಟ್ಟುಪಾಡಿಲ್ಲ, ಗುರುತು ಮತ್ತು ವಯಸ್ಸಿನ ದಾಖಲೆ ಸಾಕು. ಹತ್ತು ಮೀಟರ್ ಜಾಗ ಸಿಕ್ಕರೆ ದಿನಾ ನೂರು ಹೊಡೆಯಬಹುದು, ಐನೂರರ ಡಬ್ಬಿ ಐದು ದಿನ ಬರುತ್ತದೆ. ಗುರಿಯ ಹತ್ತರ ವೃತ್ತ ಎಷ್ಟು ಅಗಲ ಗೊತ್ತೇ? 11.5 ಮಿಲಿಮೀಟರ್. ನೋಡುವುದೇನಿದೆ ಅಂದಿದ್ದ ನಾನು ಒಮ್ಮೆ ಕ್ಲಬ್ಬಿನಲ್ಲಿ ಕೈ ಚಾಚಿ ನಿಂತೆ. ಪಿಸ್ತೂಲಿನ ತುದಿ ಗಾಳಿಗೆ ಸಿಕ್ಕ ಗೋವಿನಜೋಳದ ಸೂಲಂಗಿಯ ಹಾಗೆ ತೂಗಾಡಿತು. ಅರವತ್ತು ಹೊಡೆತ, ಎಪ್ಪತ್ತೈದು ನಿಮಿಷ, ಒಂದೇ ಕೈ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರ ಚಾಂಗ್ವನ್ ವಿಶ್ವಕಪ್ಪಿನಲ್ಲಿ ಕಂಚು, 2014ರ ಗ್ಲಾಸ್ಗೋದಲ್ಲಿ ಬೆಳ್ಳಿ ಗೆದ್ದದ್ದು ಇದರಲ್ಲೇ. ಬೆಂಗಳೂರಿನದೇ ದಿವ್ಯಾ 2023ರ ಹಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ ಬೆಳ್ಳಿ ತಂದದ್ದೂ ಇದರಲ್ಲೇ.

ಹಾಗಾದರೆ ಯಾವ ಕಂಪನಿಯದು? ಸ್ಟೈಯರ್, ಮೊರಿನಿ, ವಾಲ್ಥರ್, ಪಾರ್ದಿನಿ, ಫೈನ್‌ವೆರ್ಕ್‌ಬೌ... ಒಂದಕ್ಕೊಂದು ಮಿಗಿಲು. ಹೊಸದು ಎರಡು ಲಕ್ಷದ ಆಸುಪಾಸು ಎಂದು ನನಗೆ ಹೇಳಿದರು. ಮೆಣಸಿನಕಾಯಿ ಮಾರಿದ ದುಡ್ಡು ಅಷ್ಟಿರಲಿಲ್ಲ. ಹಳೆಯದಕ್ಕೆ ಇಳಿದೆ.

ಇಲ್ಲಿ ನಿಜವಾದ ತಲೆನೋವು ಶುರುವಾಯಿತು. ನನ್ನ ಮಗಳು ಎಡಚಿ. ಪಿಸ್ತೂಲಿನ ಮರದ ಹಿಡಿಕೆಯನ್ನು ಅಂಗೈಗೆ ತಕ್ಕಂತೆ ಕೆತ್ತಿರುತ್ತಾರೆ, ಬಲಗೈಯದು ಎಡಗೈಗೆ ಕೂರುವುದೇ ಇಲ್ಲ. ಹಳೆಯ ಮಾಲಿನಲ್ಲಿ ಹತ್ತಕ್ಕೆ ಹತ್ತೂ ಬಲಗೈಯವು. ಸಾಲದ್ದಕ್ಕೆ ಅವಳ ಬಲವಾದ ಕಣ್ಣು ಬಲಗಣ್ಣು. ಎರಡೂ ಕೈ ಚಾಚಿ ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ ದೂರದ ಗಡಿಯಾರ ನೋಡಿ, ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣಿಗೆ ಗಡಿಯಾರ ಉಳಿಯುತ್ತದೋ ಅದು ನಿಮ್ಮ ಬಲವಾದ ಕಣ್ಣು. ರೈಫಲ್ ಆಗಿದ್ದರೆ ಇದು ದೊಡ್ಡ ತೊಡಕು. ಪಿಸ್ತೂಲಿನಲ್ಲಿ ಮುಖ ತುಸು ಹೊರಳಿಸಿದರೆ ನಡೆಯುತ್ತದೆ ಎಂದು ಕೋಚ್ ಧೈರ್ಯ ಕೊಟ್ಟರು.

ಒಬ್ಬರು ಎಡಗೈಯದ್ದೇ ಇದೆ ಎಂದು ಕರೆದರು. ಪಿಸ್ತೂಲು ಚೆನ್ನಾಗಿತ್ತು, ಮುಂಗಡ ಕೊಡುವುದರಲ್ಲಿದ್ದೆ. ಮಗಳು ಗಾಳಿಯ ಸಿಲಿಂಡರ್ ತಿರುಗಿಸಿ ನೋಡಿ ನನ್ನ ಕೈ ಚಿವುಟಿದಳು. 200 ಬಾರ್ ಒತ್ತಡ ತಡೆಯುವ ಸಿಲಿಂಡರಿಗೂ ಆಯುಷ್ಯವಿದೆ, ಅದರ ಮೇಲೆಯೇ ತಾರೀಕು ಕೊರೆದಿರುತ್ತಾರೆ. ಇದರದು ಮೂರು ವರ್ಷದ ಹಿಂದೆಯೇ ಮುಗಿದಿತ್ತು! ಮಾರುವವರು "ಏನಾಗಲ್ಲ ಬಿಡ್ರೀ" ಅಂದರು. ನಾವು ಎದ್ದು ಬಂದೆವು.

ಕೊನೆಗೆ ಸಿಕ್ಕಿದ್ದು ಹಳೆಯ ಸ್ಟೈಯರ್, ಟ್ರಿಗರ್ ಮೆಕ್ಯಾನಿಕಲ್. ಮೊರಿನಿಯ ಎಲೆಕ್ಟ್ರಾನಿಕ್ ಟ್ರಿಗರ್ ಮೃದು ಎಂದು ಹೊಗಳುವವರು ಬಹಳ. ಆದರೆ 2021ರಲ್ಲಿ ಟೋಕಿಯೋದಲ್ಲಿ ಮನು ಭಾಕರ್ ಅವರ ಪಿಸ್ತೂಲು ನಡುವೆ ಕೈಕೊಟ್ಟು ಫೈನಲ್ ತಪ್ಪಿದ್ದು ನೆನಪಿತ್ತು. ಅವರ ಪಕ್ಕದಲ್ಲಿ ರಿಪೇರಿ ಮಾಡುವವರಾದರೂ ಇದ್ದರು. ರಾಣೇಬೆನ್ನೂರಿನಲ್ಲಿ ನಾನು ಯಾರ ಬಾಗಿಲು ಬಡಿಯಲಿ? ಹಿಡಿಕೆ ಬಲಗೈಯದ್ದೇ ಬಂತು. ಎಡಗೈಯದ್ದನ್ನು ಬೇರೆ ತರಿಸಿದೆವು, ಅದು ಅವಳ ಅಂಗೈಗೆ ಒಂದು ಸೈಜು ದೊಡ್ಡದು. ಬಡಿಗೇರ ಅಂಗಡಿಯಿಂದ ಮರದ ಲಪ್ಪ ತಂದು ಸದ್ಯಕ್ಕೆ ತುಂಬಿದ್ದೇವೆ.

ದುಡ್ಡು ಎಲ್ಲಿಂದ ಬಂತು ಎಂದು ಹೇಳಲಿಲ್ಲ ಅಲ್ಲವೇ? ಹೆಚ್ಚಿನದು ಮೆಣಸಿನಕಾಯಿಯದು, ಉಳಿದದ್ದು ಸಾಲ. ಅಪ್ಪನದೂ ಒಂದು ಪಾಲಿದೆ. ಒಂದು ಬೆಳಿಗ್ಗೆ ತಾವಾಗಿಯೇ, "ಆ ಬಂದೂಕು ಕೊಟ್ಟುಬಿಡೂಣು ನಡಿ" ಅಂದರು. ಕಾಗದ ಪತ್ರ ಮಾಡಿಸಿ ಲೈಸೆನ್ಸಿರುವ ವ್ಯಾಪಾರಿಗೆ ಮಾರಿದೆವು. ಬಂದದ್ದು ಕೆಲವೇ ಸಾವಿರ, ಚರೆಯ ಡಬ್ಬಿಗಳಿಗೆ ಆಯಿತು.

ಈಗ ಅಭ್ಯಾಸ ಬ್ಯಾಡಗಿಯಲ್ಲಿ, ನನ್ನ ಸೋದರಮಾವನ ಮೆಣಸಿನಕಾಯಿ ಗೋದಾಮಿನಲ್ಲಿ. ಸುಗ್ಗಿ ಮುಗಿದ ಮೇಲೆ ಖಾಲಿ ಬಿದ್ದಿರುತ್ತದೆ. ಉದ್ದ ಹತ್ತು ಮೀಟರಿಗಿಂತ ಧಾರಾಳ, ಹಿಂದೆ ಕಲ್ಲಿನ ಗೋಡೆ, ಅದರ ಮುಂದೆ ಉಸುಕು ತುಂಬಿದ ಚೀಲಗಳು, ಒಂದೇ ಬಾಗಿಲು. ಅದಕ್ಕೆ ಒಳಗಿನಿಂದ ಅಗಳಿ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು ಖಾರ ಕಡಿಮೆ ಎಂದು ಲೋಕವೆಲ್ಲ ಹೇಳುತ್ತದೆ, ಸರಿ. ಆದರೆ ನೆಲದ ಸಂದಿಯಲ್ಲಿ ಉಳಿದ ಧೂಳು ಮೂಗಿಗೆ ಹೋಗಲಿ, ಆಗ ನೋಡಿ! ಮೊದಲ ದಿನ ಉಸಿರು ಹಿಡಿದು ಟ್ರಿಗರ್ ಒತ್ತುವಷ್ಟರಲ್ಲಿ ಅವಳಿಗೆ ಸೀನು. ಚರೆ ಉಸುಕಿನ ಚೀಲಕ್ಕೆ. ಈಗ ಹಿಂದಿನ ದಿನವೇ ನೀರು ಹೊಡೆದು ನೆಲ ಒರೆಸುತ್ತೇವೆ.

ಹೋದ ಭಾನುವಾರ ಅಪ್ಪನೂ ಬಂದರು. ಬಾಗಿಲ ಹತ್ತಿರ ಚೀಲದ ಮೇಲೆ ಕುಳಿತು ಒಂದು ಗಂಟೆ ಸುಮ್ಮನೆ ನೋಡಿದರು. ಮುಗಿದ ಮೇಲೆ ಅವಳು ಪಿಸ್ತೂಲಿನ ನಳಿಗೆಗೆ ಕಿತ್ತಳೆ ಬಣ್ಣದ ಉದ್ದ ದಾರ ತೂರಿಸಿದಳು.

"ಅದ್ಯಾಕವ್ವಾ ದಾರ?"

"ಒಳಗ ಏನೂ ಇಲ್ಲ ಅಂತ ಎಲ್ಲಾರಿಗೂ ಕಾಣಬೇಕಲ್ಲ ಅಜ್ಜಾ. ಇದಿಲ್ಲದ ರೇಂಜಿನ್ಯಾಗ ಕೆಳಗ ಇಡಾಕೂ ಬಿಡೂದಿಲ್ಲ. ಗುರಿ ಕಣ್ಣಿಗೆ ಕಾಣೂತನಕ ಬೆರಳು ಟ್ರಿಗರ್ ಮ್ಯಾಲೆ ಇಡೂ ಹಂಗಿಲ್ಲ."

ಅಪ್ಪ ಕೈ ಚಾಚಿ ಪಿಸ್ತೂಲು ಇಸಿದುಕೊಂಡರು. ಮೂವತ್ತು ಚಿಲ್ಲರೆ ವರ್ಷಗಳ ಮೇಲೆ ಕೈಯಲ್ಲಿ ಆಯುಧ. ಎಡಗೈ ಹಿಡಿಕೆ ಅವರ ಬಲಗೈಯಲ್ಲಿ ಕೂರಲಿಲ್ಲ. ಎರಡು ಸಲ ಹೊರಳಿಸಿ ನೋಡಿ, ದಾರದ ತುದಿಯನ್ನು ಬೆರಳಿನಿಂದ ಮುಟ್ಟಿ ವಾಪಸು ಕೊಟ್ಟರು. ಮನೆಗೆ ಬರುವಾಗ ಕಾಗದದ ಗುರಿಗಳನ್ನು ತಾವೇ ಎಣಿಸಿ ಚೀಲಕ್ಕೆ ಹಾಕಿಕೊಂಡರು. ಅವ್ವನಿಗೆ ತೋರಿಸಬೇಕಂತೆ.

ಅಂದ ಹಾಗೆ, ಸ್ಟೈಯರಿಗೆ ಹೊಂದುವ ಎಡಗೈಯ ಸಣ್ಣ ಸೈಜಿನ ಹಿಡಿಕೆ ನಿಮಗೆ ಗೊತ್ತಿದ್ದವರ ಹತ್ತಿರ ಇದ್ದರೆ ದಯವಿಟ್ಟು ತಿಳಿಸಿ. ಲಪ್ಪ ಬೆವರಿಗೆ ಬಿರಿಯತೊಡಗಿದೆ.