ಏಳು ಕವಲಿನ ಹೊಳೆಯ ಊರು

ಜಪಾನು ದೇಶದ ಹೊನ್‌ಶೂ ದ್ವೀಪದ ಪಶ್ಚಿಮ ಭಾಗದಲ್ಲಿ ಓಟಾ ಎಂಬುದೊಂದು ನದಿ ಬೆಟ್ಟಗಳಿಂದ ಇಳಿದು ಬಂದು, ಸಮುದ್ರವನ್ನು ಸೇರುವ ಮುನ್ನ ಕವಲು ಕವಲಾಗಿ ಒಡೆಯುತ್ತದೆ. ಹಿಂದೆ ಆ ಕವಲುಗಳು ಏಳಿದ್ದುವು. 1960ರ ದಶಕದಲ್ಲಿ ನೆರೆಯ ನೀರಿಗೆ ಹೊಸ ಹಾದಿಯನ್ನು ತೋಡಿದ ಮೇಲೆ ಆರಾದುವು. ಅವುಗಳ ನಡುವೆ ಬೆರಳುಗಳಂತೆ ಚಾಚಿಕೊಂಡ ನಡುಗಡ್ಡೆಗಳ ಮೇಲೆ ಹಬ್ಬಿರುವ ನಗರವೇ ಹಿರೋಷಿಮಾ. ಹೆಸರಿನ ಅರ್ಥವೇ 'ವಿಶಾಲ ದ್ವೀಪ'. 1589ರಲ್ಲಿ ಮೋರಿ ತೆರುಮೊತೊ ಎಂಬ ಸಾಮಂತನು ಇಲ್ಲಿ ಕೋಟೆ ಕಟ್ಟಿಸತೊಡಗಿದಂದಿನಿಂದ ಊರಿನ ಕಥೆ ಮೊದಲಾಗುತ್ತದೆ. ಇಂದು ಯಾವ ಸೇತುವೆಯ ಮೇಲೆ ನಿಂತರೂ ಕೆಳಗೆ ನಿಧಾನವಾದ ನೀರು, ದಡದಲ್ಲಿ ಮರಗಳ ಸಾಲು, ಅದರಾಚೆ ಟ್ರಾಮು ಬಂಡಿಯ ಸದ್ದು. ಬೇಸಗೆಯಲ್ಲಿ ಬೀದಿಯ ಬದಿಗೆ ಕಣಗಿಲೆ ಅರಳುತ್ತದೆ. ಹೌದು, ಕನ್ನಡ ನಾಡಿನ ಮನೆಗಳಲ್ಲಿ ಬೆಳಗಾಗುತ್ತಲೆ ಪೂಜೆಗೆ ಬಿಡಿಸುವ ಅದೇ ಕಣಗಿಲೆ. ಅದು ಈ ನಗರದ ಅಧಿಕೃತ ಪುಷ್ಪ. ಏಕೆಂಬುದನ್ನು ಮುಂದೆ ಹೇಳಬೇಕಾಗಿದೆ.

ಹಿರೋಷಿಮಾ ಯುದ್ಧವನ್ನರಿಯದ ಸಾಧುವಾದ ಊರಾಗಿತ್ತೆಂದು ತಿಳಿಯಲಾಗದು. 1894ರಲ್ಲಿ ಚೀಣಾದೊಡನೆ ಯುದ್ಧ ಹೂಡಿದಾಗ ಮೇಜಿ ಚಕ್ರವರ್ತಿಯೇ ಬಂದು ಇಲ್ಲಿ ನೆಲೆಸಿದ್ದನು. ಊರಿನ ಉಜಿನಾ ಬಂದರಿನಿಂದ ದಂಡು ಹಡಗೇರಿತು. ಅಲ್ಲಿಂದಾಚೆಗೆ ಸೈನ್ಯವೇ ಊರಿನ ಹಿರಿಮೆ. 1945ರಲ್ಲಿಯೂ ದಕ್ಷಿಣ ಜಪಾನಿನ ರಕ್ಷಣೆಯ ಹೊಣೆ ಹೊತ್ತ ಸೇನೆಯ ಮುಖ್ಯ ಠಾಣೆ ಇಲ್ಲಿಯೇ ಇದ್ದಿತು. ಆದರೂ ಟೋಕಿಯೊ, ಒಸಾಕಾ ನಗರಗಳು ಸುಟ್ಟು ಕರಿಕಾದಾಗ ಹಿರೋಷಿಮಾದ ಮೇಲೆ ದೊಡ್ಡ ದಾಳಿಯೇ ನಡೆಯಲಿಲ್ಲ. ನಿಜವಾದ ಕಾರಣ ದೂರದ ಕಚೇರಿಯೊಂದರ ಕಡತದಲ್ಲಿದ್ದಿತು: ಹೊಸ ಅಸ್ತ್ರದ ಬಲವನ್ನು ಅಳೆಯಬೇಕಾದರೆ ಮುಕ್ಕಾಗದ ಊರು ಬೇಕು.

ಅಸ್ತ್ರದ ಕಥೆಯನ್ನು ವಾಚಕರು ಬಲ್ಲರು. ನಾಲ್ಕು ಮಾತು ಸಾಕು. 1938ರ ಕೊನೆಯಲ್ಲಿ ಬರ್ಲಿನ್ನಿನಲ್ಲಿ ಹಾನ್ ಮತ್ತು ಸ್ಟ್ರಾಸ್‌ಮನ್ ಯುರೇನಿಯಂ ಪರಮಾಣು ಒಡೆದುದನ್ನು ಕಂಡರು. ಮರುವರ್ಷ ಐನ್‌ಸ್ಟೈನ್ ಸಹಿ ಮಾಡಿದ ಪತ್ರವೊಂದು ಅಮೆರಿಕದ ಅಧ್ಯಕ್ಷರಿಗೆ ಹೋಯಿತು. 1942ರ ಡಿಸೆಂಬರ್ 2ರಂದು ಷಿಕಾಗೊದಲ್ಲಿ ಫರ್ಮಿ ಸರಪಳಿ ಕ್ರಿಯೆಯನ್ನು ನಡೆಸಿ ತೋರಿಸಿದರು. ಓಕ್ ರಿಡ್ಜ್‌ನಲ್ಲಿ ಯುರೇನಿಯಂ, ಹ್ಯಾನ್‌ಫರ್ಡ್‌ನಲ್ಲಿ ಪ್ಲುಟೋನಿಯಂ ಸಿದ್ಧವಾಯಿತು. ಲಾಸ್ ಅಲಮೋಸ್‌ನಲ್ಲಿ ಓಪನ್‌ಹೈಮರ್ ಮತ್ತವರ ಸಂಗಡಿಗರು ಬಾಂಬನ್ನು ರೂಪಿಸಿದರು. 1945ರ ಜುಲೈ 16ರಂದು ನ್ಯೂ ಮೆಕ್ಸಿಕೊ ಮರುಭೂಮಿಯಲ್ಲಿ ಮೊದಲ ಪರೀಕ್ಷೆ. ಗುರಿಯ ಊರುಗಳ ಪಟ್ಟಿಯಲ್ಲಿ ಕ್ಯೋಟೊ ಸಹ ಇದ್ದಿತು. ಆ ಪುರಾತನ ನಗರವನ್ನು ಹಿಂದೊಮ್ಮೆ ಕಣ್ಣಾರೆ ಕಂಡಿದ್ದ ಯುದ್ಧ ಕಾರ್ಯದರ್ಶಿ ಸ್ಟಿಮ್ಸನ್ ಅದನ್ನು ಹೊಡೆದು ಹಾಕಿಸಿದರು. ಪ್ರವಾಸದಿಂದ ಒಂದೂರು ಉಳಿಯಿತೆನ್ನಬೇಕು. ಹಿರೋಷಿಮಾಕ್ಕೆ ಅಂತಹ ಯಾತ್ರಿಕನೊಬ್ಬನೂ ಒದಗಲಿಲ್ಲ.

ಆಗಸ್ಟ್ 6, ಸೋಮವಾರ. ನಸುಕಿನಲ್ಲಿ ಟಿನಿಯನ್ ದ್ವೀಪದಿಂದ ಹೊರಟ ವಿಮಾನವು 8 ಗಂಟೆ 15 ನಿಮಿಷಕ್ಕೆ ಊರಿನ ಮೇಲಿದ್ದಿತು. ಗುರಿ, ಹೊಳೆ ಕವಲೊಡೆಯುವಲ್ಲಿ ಆಂಗ್ಲರ 'ಟಿ' ಅಕ್ಷರದಂತೆ ಕಾಣುವ ಐಓಯಿ ಸೇತುವೆ. ಗುರಿ ಸ್ವಲ್ಪ ತಪ್ಪಿತು. ಬಾಂಬು ಸಿಡಿದುದು ಖಾಸಗಿ ಆಸ್ಪತ್ರೆಯೊಂದರ ನೆತ್ತಿಯ ಮೇಲೆ, ಸುಮಾರು 600 ಮೀಟರ್ ಎತ್ತರದಲ್ಲಿ. ಅದರೊಳಗಿದ್ದ ಯುರೇನಿಯಂ ಸುಮಾರು 64 ಕಿಲೋ. ಒಡೆದುದು ಒಂದು ಕಿಲೋಕ್ಕಿಂತ ಕಡಿಮೆ. ಶಕ್ತಿಯಾಗಿ ಮಾರ್ಪಟ್ಟುದಾದರೋ ಒಂದು ಗ್ರಾಮಿಗೂ ಕಡಿಮೆ. ಅಕ್ಕಸಾಲಿಗನ ತಕ್ಕಡಿಯಲ್ಲಿ ಐದಾರು ಗುಲಗಂಜಿ ತೂಗುವಷ್ಟು. ಅಷ್ಟಕ್ಕೆ ಕೆಳಗಿನ ನೆಲ 3000 ಡಿಗ್ರಿಗೂ ಮಿಕ್ಕಿ ಕಾಯಿತು. ಊರಿನ ಮೂರೂವರೆ ಲಕ್ಷ ಜನರಲ್ಲಿ ಆ ವರ್ಷದ ಕೊನೆಯೊಳಗೆ ಸುಮಾರು 1,40,000 ಮಂದಿ ಸತ್ತರು. ಆ ಆಸ್ಪತ್ರೆಯ ವೈದ್ಯರು ಬೇರೊಂದೂರಿಗೆ ಶಸ್ತ್ರಚಿಕಿತ್ಸೆಗೆಂದು ಹೋಗಿದ್ದುದರಿಂದ ಬದುಕಿದರು. ಮರಳಿ ಬಂದು ಅದೇ ಜಾಗದಲ್ಲಿ ಆಸ್ಪತ್ರೆಯನ್ನು ಮತ್ತೆ ಕಟ್ಟಿಸಿದರು. ಇಂದು ಆ ಓಣಿಯಲ್ಲಿ ಒಂದು ಸಣ್ಣ ಫಲಕವಿದೆ. ಹುಡುಕದಿದ್ದರೆ ಕಾಣದು.

ಕಾಣುವುದು ಹೊಳೆಯ ದಡದ ಗುಮ್ಮಟ. 1915ರಲ್ಲಿ ಜಾನ್ ಲೆಟ್ಜೆಲ್ ಎಂಬ ಚೆಕ್ ಶಿಲ್ಪಿ ಕಟ್ಟಿದ ವಸ್ತುಪ್ರದರ್ಶನ ಭವನವದು. ಸ್ಫೋಟವು ಬಹುಮಟ್ಟಿಗೆ ನೆತ್ತಿಯಿಂದಲೇ ಎರಗಿದುದರಿಂದ ಗೋಡೆಗಳು ಪೂರ್ತಿ ಉರುಳದೆ, ಗುಮ್ಮಟದ ಕಬ್ಬಿಣದ ಪಂಜರವನ್ನು ಹೊತ್ತು ನಿಂತುವು. ಅದನ್ನು ಕೆಡಹಬೇಕೆಂದವರೂ ಇದ್ದರು. ಕಂಡಾಗಲೆಲ್ಲ ಎದೆ ಒಡೆಯುವವರಿಗೆ ಹಾಗನ್ನಿಸಿದುದರಲ್ಲಿ ಆಶ್ಚರ್ಯವೇನು? 1966ರಲ್ಲಿ ನಗರಸಭೆ ಅದನ್ನು ಉಳಿಸಲು ನಿರ್ಧರಿಸಿತು. 1996ರಲ್ಲಿ ಅದು ವಿಶ್ವ ಪರಂಪರೆಯ ತಾಣವಾಯಿತು.

ಹೊಳೆಯನ್ನು ದಾಟಿದರೆ ಶಾಂತಿ ಉದ್ಯಾನ, ಅದರ ತುದಿಯಲ್ಲಿ 1955ರಲ್ಲಿ ತೆರೆದ ವಸ್ತುಸಂಗ್ರಹಾಲಯ. ಒಳಗೆ ಹೋದವರು ಗಟ್ಟಿಯಾಗಿ ಮಾತನಾಡುವುದಿಲ್ಲ. ಬ್ಯಾಂಕೊಂದರ ಕಲ್ಲಿನ ಮೆಟ್ಟಿಲುಗಳನ್ನು ಅಲ್ಲಿ ತಂದಿಟ್ಟಿದ್ದಾರೆ. ಬಾಗಿಲು ತೆರೆಯಲೆಂದು ಯಾರೋ ಅದರ ಮೇಲೆ ಕುಳಿತಿದ್ದರು. ಸುತ್ತಲ ಕಲ್ಲು ಝಳಕ್ಕೆ ಬಿಳುಪೇರಿತು, ಕುಳಿತಿದ್ದಷ್ಟು ಜಾಗ ಮಾತ್ರ ಕಪ್ಪಾಗಿ ಉಳಿಯಿತು. ಇನ್ನೊಂದೆಡೆ ಹುಡುಗನೊಬ್ಬನ ಬುತ್ತಿಯ ಡಬ್ಬಿ. ಬೆಂಕಿ ಹಬ್ಬದಂತೆ ಮನೆಗಳನ್ನು ಕೆಡಹಿ ಬಯಲು ಮಾಡುವ ಕೆಲಸಕ್ಕೆ ಸರ್ಕಾರವು ಶಾಲೆಯ ಮಕ್ಕಳನ್ನು ಹಚ್ಚಿದ್ದಿತು. ಹಾಗೆ ಬಯಲಿನಲ್ಲಿದ್ದ ಆರು ಸಾವಿರಕ್ಕೂ ಹೆಚ್ಚು ಮಕ್ಕಳು ಸತ್ತರು. ಈ ಹುಡುಗನ ತಾಯಿ ಹುಡುಕುತ್ತ ಬಂದು ದೇಹವನ್ನು ಗುರುತಿಸಿದಾಗ ಡಬ್ಬಿ ಅವನ ಮೈಯಡಿಯಲ್ಲಿದ್ದಿತು. ಅನ್ನ, ಜವೆ, ಸೋಯಾ ಕಾಳು, ಎಲ್ಲವೂ ಇದ್ದಿಲಾಗಿದ್ದುವು. ಇನ್ನೂ ನಾಲ್ಕು ತುಂಬದ ಮಗುವೊಂದರ ಮೂರು ಗಾಲಿಯ ಸೈಕಲ್ಲು ಮತ್ತೊಂದೆಡೆ. ಅಷ್ಟು ಎಳೆಯ ಕೂಸನ್ನು ಮನೆಯಿಂದ ದೂರದ ಮಣ್ಣಿನಲ್ಲಿ ಒಂಟಿಯಾಗಿ ಮಲಗಿಸಲಾರದೆ ತಂದೆ ಹಿತ್ತಲಲ್ಲೇ ಹೂಳಿ, ಜೊತೆಗೆ ಸೈಕಲ್ಲನ್ನೂ ಇಟ್ಟನು. 40 ವರ್ಷಗಳ ಮೇಲೆ, 1985ರಲ್ಲಿ, ಅಸ್ಥಿಗಳನ್ನು ವಂಶದ ಸಮಾಧಿಗೆ ಸಾಗಿಸಿ ಸೈಕಲ್ಲನ್ನು ಇಲ್ಲಿಗೆ ಕೊಟ್ಟನು.

ಮೂರು ದಿನಗಳ ಮೇಲೆ ಕೊಕುರಾ ನಗರ ಮಸುಕಿನಲ್ಲಿ ಮರೆಯಾಗಿದ್ದುದರಿಂದ ಎರಡನೆಯ ಬಾಂಬು ನಾಗಸಾಕಿಗೆ ಬಿದ್ದಿತು. ಅದು ಬೇರೆಯೇ ಒಂದು ಲೇಖನದ ವಸ್ತು. ಹಿರೋಷಿಮಾದಲ್ಲಾದರೋ ಅದೇ 9ರಂದು ಊರಿನ ಒಂದು ಭಾಗದಲ್ಲಿ ಟ್ರಾಮು ಮತ್ತೆ ಓಡಿತು.

ಗಾಯವಿಲ್ಲದೆ ಉಳಿದೆವೆಂದುಕೊಂಡವರ ಕೂದಲು ಕೆಲವು ವಾರಗಳಲ್ಲಿ ಉದುರತೊಡಗಿತು. ಮೈಮೇಲೆ ಕೆನ್ನೀಲಿ ಚುಕ್ಕೆಗಳೆದ್ದುವು. 1947ರಲ್ಲಿ ಅಮೆರಿಕದವರು ಒಂದು ಪರೀಕ್ಷಾ ಸಂಸ್ಥೆಯನ್ನು ತೆರೆದರು. ರಕ್ತ ತೆಗೆದರು, ಅಳೆದರು, ಬರೆದುಕೊಂಡರು. ಔಷಧ ಕೊಡುವುದು ಆ ಸಂಸ್ಥೆಯ ಕೆಲಸವಾಗಿರಲಿಲ್ಲ. ಈ ಕಹಿಯನ್ನು ಊರು ಬಹುಕಾಲ ಮರೆಯಲಿಲ್ಲ. ಬದುಕಿದವರಿಗೆ 'ಹಿಬಕುಷಾ' ಎಂಬ ಹೆಸರು ಬಂದಿತು. ಅವರಲ್ಲಿ ಹೆಣ್ಣು ತರಲು, ಅವರಿಗೆ ಹೆಣ್ಣು ಕೊಡಲು ಸ್ವದೇಶದವರೇ ಹಿಂಜರಿದರು. ಬಾಂಬು ಬಿದ್ದಾಗ ಎರಡು ವರ್ಷದವಳಾಗಿದ್ದ ಸದಾಕೊ ಸಸಾಕಿ ಹನ್ನೆರಡರಲ್ಲಿ ರಕ್ತದ ಕ್ಯಾನ್ಸರಿನಿಂದ ಮಲಗಿ, ಕಾಗದದ ಕೊಕ್ಕರೆಗಳನ್ನು ಮಡಿಸುತ್ತ 1955ರ ಅಕ್ಟೋಬರಿನಲ್ಲಿ ತೀರಿಕೊಂಡಳು. ಈ ಜನರ ಸಂಘವಾದ ನಿಹೊನ್ ಹಿದಾಂಕ್ಯೊಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂದುದು 2024ರಲ್ಲಿ.

ಉದ್ಯಾನದ ನಡುವೆ, ಕಮಾನಿನ ಕೆಳಗೆ, 1952ರ ಸ್ಮಾರಕಶಿಲೆ. ಮೃತರು ನೆಮ್ಮದಿಯಿಂದ ಮಲಗಲಿ, ಆ ತಪ್ಪನ್ನು ಮತ್ತೆ ಮಾಡುವುದಿಲ್ಲ ಎಂಬುದು ಅದರ ಬರಹದ ತಾತ್ಪರ್ಯ. ಮಾಡದಿರುವವರು ಯಾರು? ಜಪಾನೀ ವಾಕ್ಯದಲ್ಲಿ ಕರ್ತೃವಿಲ್ಲ. ಟೋಕಿಯೊ ವಿಚಾರಣೆಯಲ್ಲಿ ಭಿನ್ನ ತೀರ್ಪಿತ್ತ ಭಾರತದ ನ್ಯಾಯಮೂರ್ತಿ ರಾಧಾವಿನೋದ ಪಾಲರು ಅದೇ ವರ್ಷ ಇಲ್ಲಿಗೆ ಬಂದಾಗ, ಬಾಂಬು ಹಾಕಿದವರು ಜಪಾನೀಯರಲ್ಲವಲ್ಲ ಎಂದು ಆಕ್ಷೇಪಿಸಿದರು. ಕರ್ತೃ ಮಾನವಕುಲವೆಲ್ಲವೂ ಎಂಬುದು ನಗರದವರ ಉತ್ತರ. ಈ ಬರಹವನ್ನು ಕನ್ನಡಿಸಹೊರಟವನಿಗೆ ಒಂದು ಕೌತುಕ ಎದುರಾಗುವುದು. 'ಮಾಡೆವು' ಎಂದರೆ ನಾವು, 'ಮಾಡರು' ಎಂದರೆ ಅವರು, ಪ್ರತ್ಯಯವೇ ಬಾಯಿಬಿಡುತ್ತದೆ. 'ಮಾಡುವುದಿಲ್ಲ' ಎಂದಾಗ ಮಾತ್ರ ಯಾರನ್ನೂ ಹೆಸರಿಸದೆ ವಾಕ್ಯ ನಿಲ್ಲುತ್ತದೆ. ನಗರದವರ ಉತ್ತರ ಉದಾತ್ತವಾದುದು, ಪಾಲರ ಪ್ರಶ್ನೆ ಮಾತ್ರ ತೀರಿದಂತೆ ತೋರದು. ಆ 'ಎಲ್ಲರೂ' ಎಂಬುದರೊಳಗೆ ಬರಲು ಕೆಲವರು ಕಾಯಬೇಕಾಯಿತು: ದುಡಿಮೆಗೆಂದು ಬಂದು, ಬಲವಂತದಿಂದಲೂ ತರಲ್ಪಟ್ಟು, ಇಲ್ಲಿ ಸತ್ತ ಕೊರಿಯದವರ ಸ್ಮಾರಕ 1970ರಲ್ಲಿ ಎದ್ದುದು ಉದ್ಯಾನದ ಹೊರಗೆ, ಒಳಗೆ ಬಂದುದು 1999ರಲ್ಲಿ.

ಎಪ್ಪತ್ತೈದು ವರ್ಷ ಈ ನೆಲದಲ್ಲಿ ಹುಲ್ಲೂ ಹುಟ್ಟದೆಂಬ ಸುದ್ದಿ ಆಗ ಹಬ್ಬಿದ್ದಿತು. ಬೂದಿಯ ನಡುವಿನಿಂದ ಮೊದಲು ಹೂಬಿಟ್ಟ ಗಿಡಗಳಲ್ಲಿ ಕಣಗಿಲೆಯೂ ಒಂದು. ನಗರದ ಹೂವಾಗಿ ಅದನ್ನು ಆರಿಸಿದುದು ಅದಕ್ಕಾಗಿ.

ಸ್ಮಾರಕಶಿಲೆಯ ಕೆಳಗೆ, ಕಲ್ಲಿನ ಪೆಟ್ಟಿಗೆಯಲ್ಲಿ, ಮೃತರ ಹೆಸರುಗಳ ಪುಸ್ತಕಗಳಿವೆ. ಬಾಂಬಿಗೊಳಗಾಗಿ ಆಮೇಲೆ ತೀರಿಕೊಂಡವರ ಹೆಸರುಗಳನ್ನು ಪ್ರತಿವರ್ಷವೂ ಕುಂಚದಿಂದ ಬರೆದು ಸೇರಿಸುತ್ತಾರೆ. ಸಂಖ್ಯೆ ಮೂರು ಲಕ್ಷ ನಲವತ್ತು ಸಾವಿರವನ್ನು ದಾಟಿದೆ. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಿನಲ್ಲಿ, ಅವನ್ನು ಹೊರತೆಗೆದು ಬಿಳಿಯ ಬಟ್ಟೆಯ ಮೇಲೆ ಹರವಿ ಗಾಳಿಗಿಡುತ್ತಾರೆ. ನಗರದ ನೌಕರರು ಹಾಳೆ ಹಾಳೆಯಾಗಿ ತಿರುವಿ, ಎಲ್ಲಿಯಾದರೂ ತೇವ ಹಿಡಿದಿದೆಯೇ ಎಂದು ನೋಡುತ್ತಾರೆ. ಅವುಗಳಲ್ಲಿ ಒಂದರ ಹಾಳೆಗಳು ಬರಿಯ ಬಿಳಿ. ಹೆಸರು ತಿಳಿಯದವರಿಗಾಗಿ ಇಟ್ಟ ಪುಸ್ತಕವದು. ಅದನ್ನೂ ತಿರುವಿ ನೋಡುತ್ತಾರೆ.